ಬೀಗದಕ್ಕ ಡಿಸ್ಕ್ ಕೊಡಲಿಲ್ಲ

ನಮ್ಮ ಕಾರ್ಖಾನೆಯಲ್ಲಿ ಕಾಲು ಮಾಡುತ್ತೇವೆ, ಅಪಘಾತದಲ್ಲೋ ಕಾಯಿಲೆಯಲ್ಲೋ ತಮ್ಮದನ್ನು ಕಳೆದುಕೊಂಡವರಿಗೆ. ನಾನು ಅದಕ್ಕೆ ಬೆಲ್ಟ್ ಹೊಲಿಯುವವನು. ಅಳತೆಗಳ ಕಂಪ್ಯೂಟರ್ ನೋಡಿಕೊಳ್ಳುವವಳು ಬೀಗದಕ್ಕ. ಆ ಅಡ್ಡಹೆಸರು ಇಟ್ಟವನು ನಾನೇ. ಈಗ ಅದಕ್ಕೆ ನಾಚಿಕೆಯೂ ಇದೆ, ಸ್ವಲ್ಪ ಜಂಬವೂ ಇದೆ.

ದಿನಾ ಸಂಜೆ ಐದಕ್ಕೆ ಆಕೆ ಅಳತೆಗಳನ್ನೆಲ್ಲ ಅಂಗೈಯಗಲದ ಡಿಸ್ಕಿಗೆ ನಕಲು ಮಾಡಿ, ವೈರು ಕಿತ್ತು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡುತ್ತಿದ್ದಳು. "ಒಳಗೇನು ಒಡವೆ ಇಟ್ಟಿದ್ದೀಯಾ ಅಕ್ಕಾ?" ಎಂದು ನಾವು ಕಿಚಾಯಿಸುತ್ತಿದ್ದೆವು. "ಅಲ್ಲೇ ಸಿಕ್ಕಿಸಿಟ್ರೆ ತಾನಾಗೇ ನಕಲಾಗುತ್ತೆ, ಯಾಕೆ ಒದ್ದಾಡ್ತೀಯ?" ಎನ್ನುತ್ತಿದ್ದರು ಮ್ಯಾನೇಜರ್.

"ಕಳ್ಳ ಒಳಗೆ ಬಂದ್ರೆ ಕೈಗೆ ಸಿಕ್ಕಿದ್ದೆಲ್ಲ ಬಾಚ್ತಾನೆ ಸಾರ್. ಅವನ ಕೈಗೆ ಎಟುಕದ ಕಡೆ ಒಂದಾದ್ರೂ ಇರ್ಲಿ."

ಆಕೆ ಇಲ್ಲಿಗೆ ಬಂದದ್ದು ನೆಲ ಒರೆಸಲು. ಕಂಪ್ಯೂಟರ್ ಕಲಿತದ್ದು ಹಳೆಯ ಗುಮಾಸ್ತರ ಬೆನ್ನ ಹಿಂದೆ ನಿಂತು, ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ. ಅವರು ನಿವೃತ್ತರಾದ ವರ್ಷ ಸಿಡಿಲು ಹೊಡೆದು ಕಂಪ್ಯೂಟರೂ ಅದಕ್ಕೆ ಸಿಕ್ಕಿಸಿಯೇ ಇದ್ದ ಡಿಸ್ಕೂ ಒಟ್ಟಿಗೆ ಸುಟ್ಟವು. ನಲವತ್ತು ಜನರ ಅಳತೆ ಹೋಯಿತು. ಟೇಪು ಹಿಡಿದು ನಲವತ್ತು ಮನೆಯ ಬಾಗಿಲು ತಟ್ಟಿದವಳು ಬೀಗದಕ್ಕ. ಕೂದಲೆಳೆಯಷ್ಟು ಬಿಗಿಯಾದರೆ ಚರ್ಮ ಸುಲಿಯುತ್ತದೆ, ಸಡಿಲವಾದರೆ ಮನುಷ್ಯ ಬೀಳುತ್ತಾನೆ. ತಿಂಗಳುಗಟ್ಟಲೆ ಹಾಕಿ, ತೆಗೆದು, ಅತ್ತು, ತಿದ್ದಿಸಿಕೊಂಡ ಅಳತೆಗಳವು. ಮತ್ತೆ ಮೊದಲಿನಿಂದ ಎಂದಾಗ ಆ ನಲವತ್ತು ಮುಖಗಳು ಹೇಗಾದವು ಎಂಬುದನ್ನು ನೋಡಿದವಳು ಆಕೆಯೊಬ್ಬಳೇ.

ಒಂದು ಸೋಮವಾರ ಬೆಳಗ್ಗೆ ಮ್ಯಾನೇಜರ್ ಸಾಹೇಬರು ಇಮೇಲಿನಲ್ಲಿ ಬಂದ ಯಾವುದೋ ಬಿಲ್ಲು ತೆರೆದರು. ನಾವು ಯಾರಿಂದಲೂ ಏನೂ ತರಿಸಿರಲಿಲ್ಲ; ಆದರೂ ತೆರೆದರು. ಅರ್ಧ ಗಂಟೆಯೊಳಗೆ ಐದೂ ಕಂಪ್ಯೂಟರ್‌ಗಳ ಪರದೆ ಕೆಂಪಾಯಿತು. ನಿಮ್ಮ ಕಡತಗಳಿಗೆಲ್ಲ ಬೀಗ ಜಡಿದಿದ್ದೇವೆ, ಹಣ ಕೊಟ್ಟರೆ ಬಿಡಿಸುತ್ತೇವೆ ಎಂಬ ಬರಹ. ಎರಡು ಸಾವಿರ ಜನರ ಕಾಲು ಮುಖ ಕಾಣದ ಕಳ್ಳರ ಕೈಯಲ್ಲಿ! ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಬೆಂಚಿನ ಮೇಲೆ ಒಬ್ಬ ಬಸ್ ಕಂಡಕ್ಟರ್, ಬಿರುಕು ಬಿಟ್ಟ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗುರುವಾರ ಡ್ಯೂಟಿಗೆ ಹೋಗದಿದ್ದರೆ ಅವರನ್ನು ಬಸ್ಸಿನಿಂದ ಇಳಿಸಿ ಗೋದಾಮಿಗೆ ಹಾಕುವುದಾಗಿ ಡಿಪೋದವರು ಹೇಳಿದ್ದರು. ಅವರ ಅಳತೆಯೂ ಆ ಕೆಂಪು ಪರದೆಯ ಹಿಂದೆಯೇ ಇತ್ತು.

ಮ್ಯಾನೇಜರ್‌ಗೆ ಆಗ ಡಿಸ್ಕ್ ನೆನಪಾಯಿತು. "ತಾ ಅದನ್ನ. ಈಗ್ಲೇ ಸಿಕ್ಕಿಸು."

"ಕೊಡಲ್ಲ," ಎಂದಳು ಬೀಗದಕ್ಕ. "ರೋಗ ಇನ್ನೂ ಮಷೀನೊಳಗೇ ಇದೆ. ಸಿಕ್ಕಿಸಿದ ಕೂಡ್ಲೇ ಇದನ್ನೂ ನುಂಗುತ್ತೆ. ಐದನ್ನೂ ಪೂರ್ತಿ ಅಳಿಸಿ, ಹೊಸದಾಗಿ ಸಿದ್ಧ ಮಾಡ್ಸಿ. ಆಮೇಲೆ ಕೊಡ್ತೀನಿ."

"ಇಲ್ಲಿ ಮ್ಯಾನೇಜರ್ ನೀನೋ ನಾನೋ?"

"ನೀವೇ ಸಾರ್. ಆ ಬಿಲ್ ತೆರೆದಿದ್ದೂ ನೀವೇ."

ಕಂಡಕ್ಟರ್ ಊರುಗೋಲಿನಲ್ಲಿ ಒಳಗೆ ಬಂದರು. "ನಂದೊಂದೇ ತೆಗೆದುಕೊಡು ತಾಯಿ. ಎರಡು ನಿಮಿಷದ ಕೆಲಸ." ಬೀಗದಕ್ಕನ ಕಣ್ಣು ತುಂಬಿತು. ಕೀಲಿ ಹಿಡಿದ ಮುಷ್ಟಿ ಮಾತ್ರ ಬಿಚ್ಚಲಿಲ್ಲ. "ಆಗಲ್ಲ ಅಣ್ಣಾ. ನಿಮ್ಮದೊಂದಕ್ಕೆ ಅಂತ ತೆಗೆದ್ರೆ ಎಲ್ಲರದೂ ಹೋಗುತ್ತೆ, ನಿಮ್ಮದೂ ಸೇರಿ." ಅವರು ಅವಳನ್ನು ಬಾಯಿಗೆ ಬಂದಂತೆ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಬೀರು ಒಡೀರಿ!" ಎಂದು ಮ್ಯಾನೇಜರ್ ನನ್ನ ಕಡೆ ನೋಡಿದರು. ಸುತ್ತಿಗೆ ಇದ್ದದ್ದು ನನ್ನ ಮೇಜಿನ ಮೇಲೆ. ನಾನು ಅದನ್ನು ಸ್ಟೂಲಿನ ಮೇಲಿಟ್ಟು, ಅದರ ಮೇಲೆಯೇ ಕೂತೆ. ಚುಚ್ಚುತ್ತಿತ್ತು, ಏಳಲಿಲ್ಲ. ಮಧ್ಯಾಹ್ನದೊಳಗೆ ಬೀಗದಕ್ಕನಿಗೆ ನೋಟಿಸು ಬಂತು: ಮೇಲಧಿಕಾರಿಯ ಆದೇಶ ಮೀರಿದ್ದೀರಿ, ಬುಧವಾರದೊಳಗೆ ಕ್ಷಮಾಪಣೆ ಬರೆದುಕೊಡಿ, ಇಲ್ಲವಾದರೆ ಕೆಲಸ ಬಿಡಿ.

ಮಂಗಳವಾರ ಬಂದ ರಿಪೇರಿಯವನು ಒಂದು ಪೆನ್‌ಡ್ರೈವಿಗೆ ಫೋಟೊ ಹಾಕಿ, ಕೆಟ್ಟ ಮಷೀನಿಗೆ ಸಿಕ್ಕಿಸಿ ತೋರಿಸಿದ. ನಾವು ನೋಡುತ್ತಿದ್ದಂತೆಯೇ ಫೋಟೊ ತೆರೆಯದಂತಾಯಿತು. ಐದೂ ಮಷೀನುಗಳನ್ನು ಬೋಳಿಸಿ ಹೊಸದಾಗಿ ಸಿದ್ಧ ಮಾಡುವಷ್ಟರಲ್ಲಿ ಬುಧವಾರ ಬೆಳಗಾಗಿತ್ತು. ಆಗ ಬೀಗದಕ್ಕ ತಾನೇ ಬೀರು ತೆರೆದಳು. ಎರಡು ಸಾವಿರ ಅಳತೆಗಳೂ ಇದ್ದವು. ಸಂಜೆಯ ಹೊತ್ತಿಗೆ ಕಂಡಕ್ಟರ್ ಹೊಸ ಕಾಲು ಹಾಕಿಕೊಂಡು ಕಂಬಿ ಹಿಡಿದು ನಡೆದು ನೋಡುತ್ತಿದ್ದರು.

ಮ್ಯಾನೇಜರ್ ಕಾಗದ ತಂದು ಮೇಜಿನ ಮೇಲಿಟ್ಟರು. "ಆದದ್ದಾಯ್ತು. ಆದ್ರೆ ನೋಟಿಸು ನೋಟಿಸೇ. ಎರಡು ಸಾಲು ಕ್ಷಮಾಪಣೆ ಬರ್ಕೊಡು, ಫೈಲು ಮುಚ್ತೀನಿ."

ಬೀಗದಕ್ಕ ಎರಡೇ ಸಾಲು ಬರೆದಳು: "ಆದೇಶ ಮೀರಿದ್ದು ನಿಜ. ಇಂಥ ದಿನ ಮತ್ತೆ ಬಂದರೆ ಮತ್ತೆ ಮೀರುತ್ತೇನೆ." ಕೆಳಗೆ ಸಹಿ ಹಾಕಿದಳು. ನಾನು ಪೆನ್ನು ಕಿತ್ತುಕೊಂಡು ಅದರ ಕೆಳಗೆ ನನ್ನದೂ ಹಾಕಿದೆ.

ಕಂಡಕ್ಟರ್ ಕಂಬಿಯಿಂದ ಕೈ ಬಿಟ್ಟರು. ಯಾರ ಆಸರೆಯೂ ಇಲ್ಲದೆ ಇಡೀ ಕೋಣೆ ದಾಟಿ ಮೇಜಿನ ತನಕ ನಡೆದು ಬಂದು ಕೈ ಚಾಚಿದರು.

"ಪೆನ್ನು ಈ ಕಡೆ ಕೊಡಿ," ಎಂದರು.