ಕೇಳದೆ ತಂದ ಅಪ್ಪಣೆ

ಅತ್ತಿಗೆ, ಗುರುಗಳು ನಿಮಗೆ ಅಪ್ಪಣೆ ಕೊಟ್ಟಿರಲಿಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಎಪ್ಪತ್ತರ ದಶಕದ ಆ ಬೇಸಿಗೆ ನೆನಪಿದೆಯಲ್ಲ? ಹುಣ್ಣಾಗಿ ಕೆಟ್ಟಿದ್ದ ನಿಮ್ಮ ಜಠರದ ಮುಕ್ಕಾಲು ಪಾಲನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದು, ಹೊಳಲ್ಕೆರೆಯ ಮನೆಗೆ ಕಳಿಸಿದ್ದರು. ನಿಮ್ಮ ನಾದಿನಿಯಾದ ನಾನು ಚಿತ್ರದುರ್ಗದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವಳು, ರಜೆಗೆ ಬಂದಿದ್ದೆ. ನಿಮ್ಮ ನೋವಿಗಿಂತ ಮೊದಲು ನನ್ನನ್ನು ಹಿಡಿದದ್ದು ಕುತೂಹಲ — ಹೇಳಲು ನಾಚಿಕೆ, ಆದರೆ ನಿಜ. ಹಿಡಿಯಷ್ಟು ಹೊಟ್ಟೆಯಲ್ಲಿ ಒಂದು ಜೀವಕ್ಕೆ ಬೇಕಾದದ್ದೆಲ್ಲ ಹೇಗೆ ಹಿಡಿಸುತ್ತದೆ?

"ಗಟಗಟ ಕುಡಿಯಂಗಿಲ್ಲ, ಗುಟುಕು ಗುಟುಕಾಗಿ ಇಡೀ ದಿನ ಕುಡೀಬೇಕು. ಊಟದ ಜೊತೆ ನೀರು ಬ್ಯಾಡ. ಹಾಲು, ಬೇಳೆ, ಕಾಳು ತಪ್ಪಿಸಂಗಿಲ್ಲ," ಎಂದಿದ್ದರು ಡಾಕ್ಟರು. ಒಮ್ಮೆ ಹಾಲು, ತಡೆದು ನೀರು, ಮತ್ತೆ ತಡೆದು ನುಣ್ಣಗೆ ಅರೆದ ಹೆಸರುಬೇಳೆ. ಹುರಿಗಡಲೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟರೆ ಇಳಿಯುತ್ತದೆಂದು ಕಂಡುಹಿಡಿದವಳು ನಾನೇ. ಅದರ ಜಂಬ ಇನ್ನೂ ಇದೆ. ಆದರೆ ನೀರು ಮಾತ್ರ ಸಾಲುತ್ತಿರಲಿಲ್ಲ. ಸಂಜೆ ಹೊತ್ತಿಗೆ ನಿಮ್ಮ ತುಟಿ ಒಡೆದಿರುತ್ತಿತ್ತು, ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿಯುತ್ತಿದ್ದಿರಿ.

ಯಾಕೆಂದು ಕೂತು ಯೋಚಿಸಿದೆ. ಬೆಳಗಿನ ಮೂರು ತಾಸು ಪೋಲಾಗುತ್ತಿತ್ತು. ಲಿಂಗಪೂಜೆಯಾಗದೆ ನೀವು ಹನಿ ನೀರೂ ಮುಟ್ಟುವವರಲ್ಲ. ಪೂಜೆಗೆ ಮೊದಲು ಸ್ನಾನ. ಮೊದಲು ಅಪ್ಪನದು, ಆಮೇಲೆ ಅಣ್ಣನದು, ಆಮೇಲೆ ಅಮ್ಮನದು — ಹಂಡೆಯಲ್ಲಿ ಮತ್ತೆ ನೀರು ಕಾದು ಸೊಸೆಯ ಸರದಿ ಬರುವಾಗ ಒಂಬತ್ತು ದಾಟಿರುತ್ತಿತ್ತು.

ಡಾಕ್ಟರು ಗದರಿದರು: "ಹಿಂಗೇ ಒಣಗಿದ್ರೆ ಜೀವಕ್ಕೆ ಕುತ್ತು ನೋಡ್ರಿ." ನೀವು ನನ್ನನ್ನು ಹತ್ತಿರ ಕರೆದಿರಿ.

"ದುರ್ಗಕ್ಕೆ ಹೋಗಿ ಮಠದ ಗುರುಗಳ್ನ ಕೇಳ್ಕಂಡು ಬಾರಮ್ಮ. ಪೂಜೆಗೆ ಮುಂಚೆ ನೀರು ಕುಡೀಬಹುದಾ ಅಂತ. ಅವರು ಹೂಂ ಅಂದ್ರೆ ಕುಡೀತೀನಿ. ಇಲ್ಲಾಂದ್ರೆ ಇಲ್ಲ, ನೀನೂ ಬಲವಂತ ಮಾಡಂಗಿಲ್ಲ."

ಬಸ್ಸು ಹತ್ತಿದೆ. ಮಠದ ಬಾಗಿಲವರೆಗೂ ಹೋದೆ. ಒಳಗೆ ಗುರುಗಳು ಯಾರೊಡನೆಯೋ ನಗುತ್ತ ಮಾತಾಡುತ್ತಿದ್ದರು. ಬೇಡ ಅಂದುಬಿಟ್ಟರೆ? — ಹೊಸ್ತಿಲು ದಾಟಲಿಲ್ಲ. ಬಸ್ ಸ್ಟ್ಯಾಂಡಿಗೆ ಹಿಂದಿರುಗಿ, ಒಂದು ಮಸಾಲೆ ದೋಸೆ ತಿಂದು — ಹೌದು, ತಿಂದೆ, ಹಸಿವೂ ಆಗಿತ್ತು — ಮನೆಗೆ ಬಂದೆ.

"ಅಪ್ಪಣೆ ಆಗೈತೆ ಅತ್ತಿಗೆ. ಕುಡೀರಿ."

ನೀವು ಕೈ ಮುಗಿದು ಅತ್ತುಬಿಟ್ಟಿರಿ. ಮರುದಿನದಿಂದ ಎದ್ದ ಕೂಡಲೇ ಗುಟುಕು ಗುಟುಕಾಗಿ ನೀರು ಕುಡಿದಿರಿ. ಮಳೆಗಾಲ ಬರುವಷ್ಟರಲ್ಲಿ ಚೇತರಿಸಿಕೊಂಡು ಓಡಾಡುತ್ತಿದ್ದಿರಿ. "ಗುರುಗಳ ಮಾತು ನನ್ನ ಉಳಿಸ್ತು" ಎಂದು ಬಂದವರಿಗೆಲ್ಲ ಹೇಳಿದಿರಿ, ಇವತ್ತಿಗೂ ಹೇಳುತ್ತೀರಿ. ಆ ಗುರುಗಳೂ ಈಗಿಲ್ಲ.

ಜೀವ ಉಳಿಸಲು ಹೇಳಿದ ಸುಳ್ಳು ಎಂದು ಇಷ್ಟು ವರ್ಷ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೊನ್ನೆ ಸುಮ್ಮನೆ ಕೂತಿದ್ದಾಗ ಒಂದು ಪ್ರಶ್ನೆ ಬಂತು. ಹಿಟ್ಟು ಎಷ್ಟು, ಮಜ್ಜಿಗೆ ಎಷ್ಟು ಎಂದು ತಲೆ ಓಡಿಸಿದವಳಿಗೆ ಇದೊಂದು ಯಾಕೆ ಹೊಳೆಯಲಿಲ್ಲ? ಹಂಡೆಯ ಮೊದಲ ನೀರು ನಿಮಗೆ ಬಿಟ್ಟಿದ್ದರೆ ಸಾಕಿತ್ತು. ಆರಕ್ಕೆ ಸ್ನಾನ, ಪೂಜೆ, ಆಮೇಲೆ ನೀರು ಕುಡಿಯಲು ಬೇಕಾದಷ್ಟು ಹೊತ್ತು. ನಿಮ್ಮ ನೇಮವೂ ಉಳಿಯುತ್ತಿತ್ತು, ನೀವೂ —

ಹೊಳೆಯಲಿಲ್ಲ ಎನ್ನುವುದೂ ಸುಳ್ಳು. ಹೊಳೆದಿತ್ತು. ಆದರೆ "ಇವತ್ತಿಂದ ಅತ್ತಿಗೆ ಮೊದಲು" ಎಂದು ಅಮ್ಮನೆದುರು ನಿಂತು ಹೇಳಬೇಕಿತ್ತು. ಅದಕ್ಕಿಂತ ಗುರುಗಳ ಹೆಸರಿನಲ್ಲಿ ಸುಳ್ಳು ಹೇಳುವುದು ನನಗೆ ಸುಲಭವಾಯಿತು. ನೇಮ ಮುರಿದದ್ದು ನಿಮ್ಮದು. ಮನೆಯವರದು ಏನೂ ಮುರಿಯಲಿಲ್ಲ.

ಸೋಮವಾರ ಹೊಳಲ್ಕೆರೆಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕದೆ ನಿಮ್ಮೆದುರು ನಾನೇ ಓದುತ್ತೇನೆ. ನೀವು ಎದ್ದು ಒಳಗೆ ಹೋದರೂ ಕೊನೆಯವರೆಗೆ ಓದುತ್ತೇನೆ — ಯಾಕೆಂದರೆ ಕೊನೆಯಲ್ಲಿ ಇದೊಂದಿದೆ: ಆ ಬೇಸಿಗೆಯಲ್ಲಿ ದಿನಾ ನಿಮಗಿಂತ ಮೊದಲು ಸ್ನಾನ ಮುಗಿಸುತ್ತಿದ್ದವರಲ್ಲಿ ನಾನೂ ಒಬ್ಬಳು.