ಗುಂಡು ಅಂದ್ರೆ ಗುಂಡಗಿರ್ಬೇಕು

ನನ್ನ ಅಣ್ಣನಿಗೆ ಕೋವಿ ಹಿಡಿಯಲು ಬರುತ್ತಿರಲಿಲ್ಲ, ಕೋವಿ ಹಿಡಿದು ಫೋಟೊಗೆ ನಿಲ್ಲಲು ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ಅವನ ಹೆಸರಿಗೇ ಹೋಯಿತು. ಆ ಕೋವಿಯನ್ನು ಒರೆಸಿ, ನಳಿಗೆಗೆ ಎಣ್ಣೆ ಹಾಕಿ ಇಡುತ್ತಿದ್ದವಳು ನಾನು, ಇದು ಜರಗನಹಳ್ಳಿಯಲ್ಲಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಆದರೂ "ಹೆಣ್ಮಕ್ಳ ಕೈಗೆ ಕೋವಿ ಕೊಟ್ರೆ ಜನ ನಗ್ತಾರೆ" ಎಂದ. ಯಾವ ಜನ ಎಂದು ಕೇಳಿದೆ. ನಾನು ಆಗ ಮದುವೆಯಾಗಿ ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿದ್ದೆ. ಅಂದಿನಿಂದ ಅಣ್ಣನೊಂದಿಗೆ ಹಬ್ಬಕ್ಕೆ ಬೇಕಾದಷ್ಟು ಮಾತು ಮಾತ್ರ ಉಳಿಸಿಕೊಂಡೆ.

ಅದು ಲಿವರ್ ಕೋವಿ. ಟ್ರಿಗರಿನ ಸುತ್ತ ಒಂದು ಕಬ್ಬಿಣದ ಬಳೆ. ಅದನ್ನು ಕೆಳಕ್ಕೆಳೆದು ಮತ್ತೆ ಮೇಲಕ್ಕೆ ತಂದರೆ ಹಳೆಯ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕನಕಪುರ ರಸ್ತೆಯ ಆಚೆ ನಮ್ಮ ರಾಗಿ ಹೊಲ ಇನ್ನೂ ಇತ್ತು, ಹಂದಿಗಳೂ ಇದ್ದವು. ಅವನ್ನು ಬೆದರಿಸಲೆಂದೇ ಅಪ್ಪ ಅದನ್ನು ಇಟ್ಟುಕೊಂಡಿದ್ದ.

ತೋಟಾ ತರಲು ಪೇಟೆಯ ಅಂಗಡಿಗೆ ಹೋಗುವಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಮೊದಲು ನಳಿಗೆಯ ಮೇಲೆ ಕೆತ್ತಿದ ಅಳತೆಗೂ ತೋಟಾದ ಅಳತೆಗೂ ತಾಳೆ ನೋಡುತ್ತಿದ್ದ. ಅದು ಸರಿಯಿದ್ದರೂ ಬಿಡುತ್ತಿರಲಿಲ್ಲ. ಒಂದೊಂದನ್ನೇ ಎತ್ತಿ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅಂಗಡಿಯವನಿಗೆ ರೇಗುತ್ತಿತ್ತು.

"ಎಲ್ಲಾ ಒಂದೇ ಸಾರ್."

"ಒಂದೇ ಆಗಿದ್ರೆ ನಿಮ್ಮ ಮೂತಿ ಹಾಗೆ, ನನ್ನ ಮೂತಿ ಹೀಗೆ ಯಾಕಿದೆ?" ಎನ್ನುತ್ತಿದ್ದ ಅಪ್ಪ.

ಮನೆಗೆ ಬಂದ ಮೇಲೆ ನನಗೆ ಬಿಡಿಸಿ ಹೇಳುತ್ತಿದ್ದ. ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು, ಬಸ್ಸಿನ ಕ್ಯೂನಲ್ಲಿ ನಿಂತವರ ಹಾಗೆ ಇರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡಕ್ಕೆ ತಾಗಿರುತ್ತದೆ. ಬುಡದ ನಡುವೆ ಚಿಕ್ಕದೊಂದು ತಾಮ್ರದ ಬೊಟ್ಟು. ಅದಕ್ಕೆ ಏಟು ಬಿದ್ದರೆ ತೋಟಾ ಸಿಡಿಯುತ್ತದೆ. ಮೂತಿ ಮೊಂಡಾಗಿದ್ದರೆ ಅದು ಬೊಟ್ಟಿನ ಸುತ್ತಲ ಅಂಚಿನ ಮೇಲೂ ಒರಗುತ್ತದೆ, ಭಯವಿಲ್ಲ. ಚೂಪಾಗಿದ್ದರೆ ನೇರ ಬೊಟ್ಟಿಗೇ ಚುಚ್ಚುತ್ತದೆ. ಕೋವಿ ಜೋರಾಗಿ ಕುಲುಕಿದರೆ ಕೊಳವೆಯೊಳಗೇ ಸ್ಫೋಟ, ಅದೂ ಎಡಗೈ ಹಿಡಿದಿರುವ ಜಾಗದಲ್ಲೇ.

"ಗುಂಡು ಅಂತ ಯಾಕೆ ಕರೀತಾರೆ? ಗುಂಡು ಅಂದ್ರೆ ಗುಂಡಗಿರ್ಬೇಕು. ಚೂಪಿದ್ರೆ ಅದು ಮೊಳೆ" ಎನ್ನುತ್ತಿದ್ದ. ಈ ಪಾಠದ ಹೊತ್ತಿಗೆ ಅಣ್ಣ ಕನ್ನಡಿ ಮುಂದೆ ಕೂದಲು ಬಾಚುತ್ತಿದ್ದ.

ಆಯುಧಪೂಜೆಯಲ್ಲಿ ಅಪ್ಪನದೊಂದು ಹುಚ್ಚಿತ್ತು. ಟ್ರ್ಯಾಕ್ಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟವನು ಕೋವಿಗೂ ಒಂದು ಇಡುತ್ತಿದ್ದ. ಕೋವಿಗೆ ಚಕ್ರವಿಲ್ಲವಲ್ಲ, ಅದಕ್ಕೆ ನೆಟ್ಟಗೆ ಹಿಡಿದು ಹಿಡಿಕೆಯ ಬುಡದಿಂದ ಒಂದೇ ಏಟಿಗೆ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುವುದು. ಅದೂ ತೋಟಾ ತುಂಬಿದ ಕೋವಿಯಿಂದ, ಏಕೆಂದರೆ ಖಾಲಿ ಕೋವಿಗೆ ಪೂಜೆ ಮಾಡಬಾರದಂತೆ. ಯಾವ ಶಾಸ್ತ್ರವೋ ನಾನು ಕಾಣೆ. ಮೊಂಡು ಮೂತಿಯ ಗುಂಡುಗಳು ಅಪ್ಪನ ಹುಚ್ಚನ್ನು ವರ್ಷ ವರ್ಷವೂ ಕ್ಷಮಿಸಿದವು.

ಎರಡು ಸಾವಿರದ ಇಸವಿ ಕಳೆಯುವ ಹೊತ್ತಿಗೆ ಹೊಲವೂ ಹೋಗಿತ್ತು, ಹಂದಿಗಳೂ ಹೋಗಿದ್ದವು. ಅಪ್ಪನ ಕಾಲದ ತೋಟಾಗಳು ಮುಗಿದಿದ್ದವು, ಅಂಥವು ಅಂಗಡಿಗೆ ಬರುವುದೂ ನಿಂತಿತ್ತು. ಅಣ್ಣನಿಗೊಬ್ಬ ಸ್ನೇಹಿತನಿದ್ದ, ಸೈಟು ದಲ್ಲಾಳಿ, ಬನ್ನೇರುಘಟ್ಟದ ಕಡೆ ತೋಟದ ಮನೆ. ಹಿತ್ತಾಳೆ ಕವಚ ಅದೇ ಅಳತೆಯದು, ಅದಕ್ಕೆ ಬೇರೆ ಗುಂಡು ಕೂರಿಸಿ ತಾನೇ ತೋಟಾ ಕೂಡಿಸುತ್ತಿದ್ದ. ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಅಣ್ಣ ಅವನ ತೋಟದಲ್ಲೇ ಕೋವಿಗೆ ತೋಟಾ ತುಂಬಿಸಿಕೊಂಡು, ಜೀಪಿನ ಹಿಂದೆ ಒಗೆದು, ಆ ಹಳ್ಳ ದಿಣ್ಣೆಯ ರಸ್ತೆಯಲ್ಲಿ ಮನೆಗೆ ತಂದ.

ನಾನು ಬಸ್ಸಿಳಿದು ಬರುವಾಗ ಅಂಗಳದಲ್ಲಿ ಜನ ಸೇರಿದ್ದರು. ಕೋವಿಗೆ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿತ್ತು. ಪಕ್ಕದ ತಟ್ಟೆಯಲ್ಲಿ, ತುಂಬಿ ಮಿಕ್ಕಿದ ಒಂದು ತೋಟಾ ಕುಂಕುಮ ಹಚ್ಚಿಕೊಂಡು ಮಲಗಿತ್ತು. ಎತ್ತಿ ನೋಡಿದೆ. ಸೂಜಿಯಂಥ ಮೂತಿ.

"ಇವನ್ನೇ ತುಂಬಿದೀಯಾ?"

"ಸಖತ್ತಾಗಿದೆ ಅಲ್ವಾ? ಎಷ್ಟು ದೂರ ಹೋಗುತ್ತೆ ಗೊತ್ತಾ?" ಎಂದ ಅಣ್ಣ.

ಜೆ.ಪಿ. ನಗರಕ್ಕೆ ಸೇರಿಹೋದ ನಮ್ಮ ಬೀದಿಯಲ್ಲಿ ಅಷ್ಟು ದೂರ ಹೊಡೆಯುವುದಕ್ಕೆ ಏನಿದೆ, ಎದುರು ಮನೆಯ ಸಿಂಟೆಕ್ಸ್ ತೊಟ್ಟಿಯೇ? ಅದನ್ನು ಕೇಳಲಿಲ್ಲ. ಇವು ಈ ಕೋವಿಗೆ ಆಗುವುದಿಲ್ಲ, ಕುಟ್ಟಿದರೆ ಒಳಗೇ ಸಿಡಿಯುತ್ತವೆ, ಅಪ್ಪ ಹೇಳಿದ್ದು ನೆನಪಿಲ್ಲವಾ ಎಂದೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ.

"ಗುಂಡಿನ ವಿಷ್ಯ ನಮಗೆ ಬಿಡು. ಹೊಡೆಯೋದೂ ನಾವೇ, ಹಾಕೋದೂ ನಾವೇ" ಎಂದ. ದಲ್ಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನೆಂಟರೂ ನಕ್ಕರು. "ಹಬ್ಬದ ದಿನ ಅಪಶಕುನ ಯಾಕಮ್ಮಾ" ಎಂದರು ಒಬ್ಬ ಹಿರಿಯರು. ನನಗೆ ಮೈಯೆಲ್ಲ ಉರಿದುಹೋಯಿತು. ಕುಟ್ಟಿಕೊಂಡು ಸಾಯಲಿ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಆದರೆ ಅತ್ತಿಗೆ ಆರತಿ ತಟ್ಟೆ ಹಿಡಿದು ಅವನಿಗೆ ಅಂಟಿಕೊಂಡೇ ನಿಂತಿದ್ದಳು. ನನ್ನ ಮೇಲೆ ಎಂದೂ ದನಿ ಎತ್ತದವಳು.

ಅಣ್ಣ ಎಡಗೈಯನ್ನು ಸರಿಯಾಗಿ ಕೊಳವೆಯ ಮೇಲಿಟ್ಟು ಕೋವಿಯನ್ನು ಎತ್ತಿದ. ನಾನು ಮುಂದೆ ಹೋಗಿ, ಪೂಜೆಗಿಟ್ಟ ನಿಂಬೆಹಣ್ಣಿನ ಮೇಲೆ ಕಾಲಿಟ್ಟೆ. ರಂಗೋಲಿ ಕದಡಿತು. ಹಣ್ಣು ಪಿಚಕ್ಕೆಂದು ರಸ ಬೆರಳ ಸಂದಿಯಲ್ಲಿ ಹರಿಯಿತು.

"ಕುಟ್ಟು ಈಗ" ಎಂದೆ.

ಅವನ ಕೈ ಮೇಲೆಯೇ ನಿಂತಿತು. ನನ್ನ ಪಾದ ಜಜ್ಜಿಹೋಗುತ್ತದೆ ಎಂದಲ್ಲ. ಮುಖ ಕಪ್ಪಿಟ್ಟು, "ಥೂ, ಪೂಜೆ ಸಾಮಾನಿಗೆ ಕಾಲು ಹಾಕಿದ್ಯಲ್ಲೇ! ಎಲ್ಲಾ ಮೈಲಿಗೆ ಆಯ್ತು" ಎಂದು ಕಿರುಚಿದ. ಅಪ್ಪನ ಮಾತಿಗೆ ನಿಲ್ಲದವನು, ನನ್ನ ಮಾತಿಗೆ ನಿಲ್ಲದವನು, ಮೈಲಿಗೆಗೆ ನಿಂತ.

ಮೈಲಿಗೆಯಾದ ಮೇಲೆ ಎಲ್ಲವನ್ನೂ ಮೊದಲಿಂದ ಶುದ್ಧ ಮಾಡಬೇಕು, ತೋಟಾಗಳನ್ನೂ ಹೊರಗೆ ತೆಗೆದು ನೀರು ಚಿಮುಕಿಸಬೇಕು ಎಂದರು ಹಿರಿಯರು. ತೆಗೆಯಲು ಅಣ್ಣನಿಗೆ ಬರುತ್ತಿರಲಿಲ್ಲ, ದಲ್ಲಾಳಿಗೂ ಧೈರ್ಯವಾಗಲಿಲ್ಲ. ಕೋವಿಯನ್ನು ಅಣ್ಣನ ಕೈಯಿಂದ ಕಿತ್ತುಕೊಂಡು, ಜನರನ್ನು ಒಳಗೆ ಕಳಿಸಿ, ನಳಿಗೆಯನ್ನು ಪಕ್ಕದ ಖಾಲಿ ಸೈಟಿನ ಮಣ್ಣುಗುಡ್ಡೆಗೆ ತಿರುಗಿಸಿ ನಾನೇ ಲಿವರ್ ಎಳೆದೆ, ನಿಧಾನವಾಗಿ. ತೋಟಾಗಳು ಒಂದೊಂದಾಗಿ ಚಾಪೆಯ ಮೇಲೆ ಬಿದ್ದವು.

ಅಣ್ಣ ಬಂದು ಅವನ್ನು ಆರಿಸಿದ. ಒಂದರ ಬುಡ ನೋಡುತ್ತಾ ನಿಂತುಬಿಟ್ಟ. ತಾಮ್ರದ ಬೊಟ್ಟಿನ ನಟ್ಟನಡುವೆ ಗುಂಡುಸೂಜಿ ಚುಚ್ಚಿದಂಥ ಗುಳಿ. ಜೀಪಿನ ಕುಲುಕಾಟಕ್ಕೇ ಅಷ್ಟಾಗಿತ್ತು. ಇನ್ನೊಂದನ್ನು ನೋಡಿದ. ಅದಕ್ಕೂ ಗುಳಿ. ಅವನು ಎಡಗೈ ಬಿಡಿಸಿ ಐದು ಬೆರಳನ್ನೂ ನೋಡಿಕೊಂಡದ್ದನ್ನು ನಾನು ಕಂಡೆ, ನಾನು ಕಂಡದ್ದನ್ನು ಅವನೂ ಕಂಡ. ತೋಟಾಗಳನ್ನು ಟವೆಲ್ಲಿಗೆ ಸುತ್ತಿ ದಲ್ಲಾಳಿಯ ಕೈಗೆ ತುರುಕಿ ಒಳಗೆ ಹೋದ.

ಮರುವರ್ಷದಿಂದ ನಮ್ಮ ಮನೆಯಲ್ಲಿ ಖಾಲಿ ಕೋವಿಗೇ ಪೂಜೆ. ಶಾಸ್ತ್ರದಲ್ಲಿ ಇರುವುದೇ ಹಾಗೆ ಎಂದು ಅಣ್ಣ ನೆಂಟರಿಗೆಲ್ಲ ವಿವರಿಸುತ್ತಾನೆ. ಗುಳಿಯ ಸುದ್ದಿ ಅವನ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ನಾನು ಹಬ್ಬಕ್ಕೆ ಹೋದಾಗ ಮನೆಗೆ ಹೊಸದಾಗಿ ಬಂದ ಸೊಸೆಯರಿಗೆ, ಅಳಿಯಂದಿರಿಗೆ ನನ್ನ ಪರಿಚಯ ಮಾಡಿಕೊಡುತ್ತಾನೆ: "ಇವಳೇ ನೋಡಿ, ಆಯುಧಪೂಜೆಗೆ ಕಾಲು ಹಾಕ್ದೋಳು." ಹಾಗೆ ಹೇಳುವಾಗ ನನ್ನತ್ತ ಬೆರಳು ತೋರಿಸುತ್ತಾನೆ. ಎಡಗೈ ಬೆರಳು.