ಮುಂದಿನ ಚಕ್ರಕ್ಕೆ ಒಂದು ತಂಬಿಗೆ ನೀರು

ಮೊನ್ನೆ ಶಿರಾಳಕೊಪ್ಪ ದಾಟಿದ ಮೇಲೆ ಕಾರಿನ ಮುಂದಿನ ಚಕ್ರದಿಂದ ಗರಗರ ಸದ್ದು ಬಂತು, ಬೀಸುಕಲ್ಲಿಗೆ ಒಣ ಕಡಲೆ ಹಾಕಿದ ಹಾಗೆ. ಸದ್ದು ಬಂದ ಕೂಡಲೇ ಗಾಡಿ ನಿಲ್ಲಿಸುವವರು ಅವಸರದವರು. ನಾನು ಹಾಗಲ್ಲ, ಓಡಿಸುತ್ತಲೇ ಪರೀಕ್ಷೆ ಮಾಡಬೇಕು, ಕ್ರಮ ತಪ್ಪದೆ. ಪಕ್ಕದಲ್ಲಿದ್ದ ಹೆಂಡತಿ ನೀರಿನ ಬಾಟಲಿಯ ಮೇಲೆ ಕೈ ಇಟ್ಟಳು. ಆ ಕೈಗೂ ಈ ಸದ್ದಿಗೂ ಇರುವ ಸಂಬಂಧ ತಿಳಿಯಬೇಕಾದರೆ ನೀವು ನನ್ನೊಡನೆ ಐವತ್ತರ ದಶಕದ ಕೊನೆಗೆ ಬರಬೇಕು.

ಆಗ ನಾನು ಸೊರಬಕ್ಕೆ ಹೆಣ್ಣು ನೋಡಲು ಹೊರಟಿದ್ದೆ. ಶಿಕಾರಿಪುರದಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಹಳೆಯ ಕಾರು, ಓಡಿಸುವವನು ನಾನು. ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದ ನನಗೆ ಕ್ರಮವೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಸದ್ದು ಶುರುವಾದಾಗ ಮೊದಲು ಕ್ಲಚ್ ಒತ್ತಿ ಕೇಳಿದೆ. ಸದ್ದು ಹೋಗಲಿಲ್ಲ, ಅಂದರೆ ಎಂಜಿನ್ನಿನದಲ್ಲ. ಬ್ರೇಕು ಮುಟ್ಟಿದೆ, ಬದಲಾಗಲಿಲ್ಲ. ಉಳಿದದ್ದು ಚಕ್ರದ ಬೇರಿಂಗು. ಅದು ಯಾವ ಕಡೆಯದೆಂದು ತಿಳಿಯಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ, ರಸ್ತೆಯ ಅಗಲವನ್ನೆಲ್ಲ ಬಳಸಿಕೊಂಡು ಹೋದೆ.

"ಏನಪಾ, ದಾರಿ ಅಳೀತೀಯೇನು?" ಎಂದರು ಸೋದರಮಾವ, ಪೇಟ ಹಿಡಿದುಕೊಂಡು.

"ಎಡಕ್ಕೆ ತಿರುಗಿಸಿದಾಗ ಜಾಸ್ತಿ ಆಗ್ತದ ಮಾವ. ಎಡಗಡೆ ಗಾಲಿನೇ."

ಹಿಂದೆ ಹಾರ್ನ್ ಒತ್ತುತ್ತಿದ್ದ ಬಸ್ಸೊಂದು ಕೊನೆಗೂ ನಮ್ಮನ್ನು ದಾಟಿತು. ಕಿಟಕಿಗಳ ತುಂಬ ತಲೆಗಳು. ಅವುಗಳಲ್ಲೊಂದು, ನಾವು ನೋಡಲು ಹೊರಟಿದ್ದ ಹುಡುಗಿಯ ಚಿಕ್ಕಪ್ಪನದು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಾರೆ. ಅಂದು ಜಗಲಿಯಲ್ಲಿ ತಂಬಿಗೆಯೇ ಇರಲಿಲ್ಲ. ಹುಡುಗಿಯ ತಂದೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ದಾರೀಲಿ ಎಂಥ ಕುಡಿದು ಬಂದ್ರಿ?"

"ಮಜ್ಜಿಗಿ ರೀ," ಎಂದರು ಸೋದರಮಾವ. "ಅದೂ ಅರ್ಧ ಲೋಟ."

"ಮಜ್ಜಿಗೆ ಕುಡಿದವ್ರು ಹಾವಿನ ಥರ ಬರೋದಿಲ್ಲ ಮಾರಾಯ್ರೆ. ನನ್ನ ತಮ್ಮ ಕಣ್ಣಾರೆ ನೋಡಿದಾನೆ."

ಅವರದು ಲಿಂಗಪೂಜೆಯ ಮನೆತನ, ಕುಡಿತದ ಹೆಸರೂ ಎತ್ತುವಂತಿಲ್ಲ. ಈ ಮಾತು ಊರು ಸುತ್ತಿದರೆ ಸೊರಬವಿರಲಿ, ಆನವಟ್ಟಿಯವರೆಗೂ ನನಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ನಾನು ಕ್ಲಚ್ಚಿನಿಂದ ಆರಂಭಿಸಿ ಎಲ್ಲವನ್ನೂ ವಿವರಿಸಿದೆ. ಅದು ಕುಡಿದವನ ಮಾತಿಗಿಂತ ಕೆಟ್ಟದಾಗಿ ಕೇಳಿಸಿರಬೇಕು. ಕೊನೆಗೆ "ನೀವೇ ಕೂತು ಕೇಳಿ" ಎಂದೆ. ಅವರು ಕೂತೇಬಿಟ್ಟರು. ಅವರದೇ ಬೀದಿಯಲ್ಲಿ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, ಅವರನ್ನು ಕೂರಿಸಿಕೊಂಡು ಹಾವಿನಂತೆ ಹೋಗಿ ಹಾವಿನಂತೆ ಬಂದೆ. ಇಳಿಯುವ ಮೊದಲು ಅವರು ನನ್ನ ಬಾಯಿಯ ಹತ್ತಿರ ಮೂಗು ತಂದರು.

"ಸದ್ದು ಉಂಟು, ವಾಸನೆ ಇಲ್ಲ," ಎಂದು ತೀರ್ಪು ಕೊಟ್ಟು ಒಳಕ್ಕೆ ಕೂಗಿದರು, "ಮಗಾ, ನೀರು ತಗಂಡ್ ಬಾ."

ತಂಬಿಗೆ ಹಿಡಿದು ಬಂದ ಹುಡುಗಿ ಮೆಲ್ಲಗೆ ಕೇಳಿದಳು, "ಯಾವ ಗಾಲಿ ಅಂದ್ರಿ?"

"ಎಡಗಡೆದು," ಎಂದೆ, ಪಾಸಾದವನ ಗತ್ತಿನಲ್ಲಿ.

ದೋಸೆ ಕಾವಲಿಗೆ ಚಿಮುಕಿಸುವ ಹಾಗೆ ಅವಳು ಎಡ ಚಕ್ರದ ನಡುವಿಗೆ ನೀರು ಚಿಮುಕಿಸಿದಳು. ಹನಿಗಳು ಸುಮ್ಮನೆ ಇಳಿದುಹೋದವು. ಕಾರು ಸುತ್ತಿ ಹೋಗಿ ಬಲ ಚಕ್ರಕ್ಕೆ ಚಿಮುಕಿಸಿದಳು. ಚುರ್ ಎಂದಿತು. ಕೆಟ್ಟ ಬೇರಿಂಗು ಕಾದಿದ್ದು ಅಲ್ಲಿ. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಕ್ಕೆ ಬೀಳುತ್ತದೆಂಬುದು ನನ್ನ ಕ್ರಮದಲ್ಲಿ ಸೇರಿರಲಿಲ್ಲ. ಉಳಿದ ನೀರನ್ನು ನನ್ನ ಕಾಲಿಗೆ ಕೊಟ್ಟಳು. ಹೆಣ್ಣು ನೋಡಲು ಹೋದವನು ಅವಳ ಮುಖ ಬಿಟ್ಟು ಗಾಲಿ ನೋಡುತ್ತ ನಿಂತಿದ್ದನೆಂದು ಸೋದರಮಾವ ಇಡೀ ಶಿಕಾರಿಪುರಕ್ಕೆ ಹೇಳಿದರು.

ಮೊನ್ನೆಯೂ ಎಡಕ್ಕೆ ತಿರುಗಿಸಿದೆ, ಸದ್ದು ಕಡಿಮೆಯಾಯಿತು. ಅಂದರೆ ಎಡಗಡೆಯದೇ. ಈಗ ನನಗೆ ಗೊತ್ತು. ಆದರೂ ಗಾಡಿಯನ್ನು ಅಂಚಿಗೆ ನಿಲ್ಲಿಸಿ, ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ಎಡ ಚಕ್ರದತ್ತ ತಿರುಗಿಯೂ ನೋಡದೆ ನೇರವಾಗಿ ಬಲಕ್ಕೆ ಹೋದಳು. ಹನಿಗಳು ಸುಮ್ಮನೆ ಇಳಿದವು. ನಿಧಾನವಾಗಿ ಕಾರು ಸುತ್ತಿ ಬಂದು ಎಡಕ್ಕೆ ಚಿಮುಕಿಸಿದಳು. ಚುರ್ ಎಂದಿತು.

"ನೋಡಿದ್ರಾ?" ಎಂದಳು.

ನೋಡಿದೆ. ಈ ಸಲ ಚಕ್ರವನ್ನಲ್ಲ.